ಡಬ್ಬದೊಳಗಿನ ತವರು

ಪ್ರೂಫಕ್ಕ ಮಧ್ಯಾಹ್ನ ಬರುತ್ತಾರೆ ಅನ್ನುವುದು ಎದ್ದಾಗಿನಿಂದ ಅವಳ ಎದೆಯಲ್ಲಿ ಸಣ್ಣ ಕಲ್ಲಿನ ಹಾಗೆ ಕೂತಿತ್ತು. ಖುಷಿಪಡಬೇಕಾದ ಸಂಗತಿಯೇ. ಎಷ್ಟೋ ವರ್ಷದ ಮೇಲೆ ಬರುತ್ತಿದ್ದಾರೆ, ನಾಳೆ ಮಗಳ ಜೊತೆ ದೂರದ ಊರಿಗೆ ಹೊರಟುಬಿಡುತ್ತಾರೆ, ಹೋಗುವ ಮುಂಚೆ ತಮ್ಮ ಪುಸ್ತಕವನ್ನು ಒಂದು ಸಲ ಮೊದಲಿಂದ ಕೊನೆಯವರೆಗೆ ಕೇಳಬೇಕು ಅಂತ ತಾವೇ ಬಾಯಿಬಿಟ್ಟು ಹೇಳಿದ್ದಾರೆ. ಆದರೂ ಕಸ ಗುಡಿಸುವಾಗ, ಸೋಫಾದ ಹೊದಿಕೆ ಎಳೆದು ಸರಿಮಾಡುವಾಗ, ಅವಳು ಮನೆಯನ್ನು ತನ್ನ ಕಣ್ಣಿನಿಂದ ನೋಡದೆ ಅವರ ಕಣ್ಣಿನಿಂದ ನೋಡುತ್ತಿದ್ದಳು. ತಿಂಗಳು ಕಳೆದರೂ ಹಾಳೆ ತಿರುವದ ಕ್ಯಾಲೆಂಡರು, ಸ್ವಿಚ್ಚಿನ ಸುತ್ತ ಬೆರಳಿನ ಕೊಳೆ, ಒಂದಕ್ಕೊಂದು ಹೊಂದದ ಕುರ್ಚಿಗಳು. ಈ ಮನೆಯಲ್ಲಿ ಗುರುತು ಹಾಕದೆ ಬಿಡುವಂಥ ಒಂದು ಸಾಲಾದರೂ ಇದೆಯೇ ಅನ್ನಿಸಿತು. ಪ್ರೆಸ್ಸಿನಲ್ಲಿ ಮೊದಲ ವಾರ ಅವಳು ಟೈಪು ಹೊಡೆದ ಒಂದು ಪುಟವನ್ನು ಅವರು ಪ್ರೂಫು ನೋಡಿ ವಾಪಸು ಕೊಟ್ಟಾಗ ಅಂಚಿನಲ್ಲಿ ಜಾಗವೇ ಉಳಿದಿರಲಿಲ್ಲ. 'ಭಾಷೆ ಅಂತ ಹೊಡೀಬೇಕಾದಲ್ಲಿ ಬಾಸೆ ಅಂತ ಹೊಡ್ದಿದೀಯಲ್ಲ ತಾಯಿ, ಹೊಟ್ಟೆ ಸೀಳೋ ಷ ಎಲ್ಲಿ ಹೋಯ್ತು? ಪಾಪ, ನೋವಾಗುತ್ತೆ ಅಂತ ಸೀಳದೆ ಬಿಟ್ಟೆಯಾ?' ಎಂದಿದ್ದರು. ಕಟಿಂಗ್ ಮಷೀನಿನವನು ಗಹಗಹಿಸಿ ನಕ್ಕಿದ್ದ. ಆ ನಗು ಈಗಲೂ ಕಿವಿಯಲ್ಲಿದೆ. ಆದರೆ ಅದೇ ಸಂಜೆ ಬಸ್ಸಿಗೆ ಕಾಯುವಾಗ ಪ್ರೂಫಕ್ಕ ತಮ್ಮ ಕೊಡೆಯನ್ನು ಅವಳ ಕಡೆಗೇ ಹೆಚ್ಚು ಸರಿಸಿ ಹಿಡಿದು, ತಮ್ಮ ಎಡಭುಜ ಪೂರ್ತಿ ನೆನೆಯುತ್ತಿದ್ದರೂ ಗೊತ್ತೇ ಇಲ್ಲದವರ ಹಾಗೆ ನಿಂತಿದ್ದರು. ಅದೂ ಅಷ್ಟೇ ನೆನಪಿದೆ.

ಪುಸ್ತಕ ಅಂದರೆ ಅಂಥ ದೊಡ್ಡದೇನಲ್ಲ, ಮಕ್ಕಳಿಗೆ ಬರೆದ ಕೆಲವು ಕತೆ. ಊಟದ ಬಿಡುವಿನಲ್ಲಿ ಪ್ರೆಸ್ಸಿನ ಯಜಮಾನರು ಮಲಗಲು ಮನೆಗೆ ಹೋದಾಗ ಪ್ರೂಫಕ್ಕ ತಮ್ಮ ಚೀಲದಿಂದ ಹಾಳೆ ತೆಗೆದು ಓದುವರು, ಇವಳು ಟೈಪು ಮಾಡುವಳು. ಓದುವುದು ಅಂದರೆ ಪ್ರೆಸ್ಸಿನ ಓದು. ಚಿಹ್ನೆಗಳನ್ನೂ ಬಿಡದೆ ಬಾಯಲ್ಲಿ ಹೇಳಬೇಕು. 'ಒಂದಾನೊಂದು ಊರಿನಲ್ಲಿ ಅಲ್ಪವಿರಾಮ ಬಾಗಿಲೇ ಇಲ್ಲದ ಒಂದು ಮನೆ ಇತ್ತು ಪೂರ್ಣವಿರಾಮ ಪ್ಯಾರಾ.' ಕಂಪ್ಯೂಟರಿನ ಕೋಣೆಗೆ ಆಗ ಚಪ್ಪಲಿ ಬಿಟ್ಟು ಹೋಗಬೇಕಿತ್ತು. ಗಾಜಿನ ಬಾಗಿಲು, ಒಳಗೆ ತಣ್ಣನೆ ಗಾಳಿ, ಹೊರಗೆ ಶಾಯಿ ಸೀಮೆಎಣ್ಣೆಯ ವಾಸನೆ. ಇಬ್ಬರು ಹೆಂಗಸರು ಬರಿಗಾಲಿನಲ್ಲಿ, ಒಬ್ಬರ ದನಿ, ಒಬ್ಬರ ಬೆರಳು. ಮನೆಯಲ್ಲಿ ಅತ್ತೆಯ ದನಿಗೆ ಕಿವಿಗೊಟ್ಟು ಕೈಯಾಡಿಸುವುದಕ್ಕೂ ಇದಕ್ಕೂ ಎಷ್ಟು ವ್ಯತ್ಯಾಸ ಎಂದು ಅವಳು ಆಗಲೇ ಯೋಚಿಸಿದ್ದಳೋ, ಅಥವಾ ಈಗ ಯೋಚಿಸಿ ಆಗಿನದಕ್ಕೆ ಅಂಟಿಸುತ್ತಿದ್ದಾಳೋ, ಹೇಳುವುದು ಕಷ್ಟ. ಕೊನೆಯ ಕತೆಯೊಂದು ಬಾಕಿ ಇರುವಾಗ ಪ್ರೆಸ್ಸು ಮುಚ್ಚಿತು. ಹಾಳೆಗಳು ರದ್ದಿಯ ಜೊತೆ ಹೋದವು. ಯಾರಿಗೂ ಬೇಡವಾದ ಆ ಕಂಪ್ಯೂಟರನ್ನು ಗಂಡ ಹಳೇ ಬೆಡ್‌ಶೀಟಿನಲ್ಲಿ ಸುತ್ತಿ ಸ್ಕೂಟರಿನ ಮೇಲಿಟ್ಟುಕೊಂಡು ಬಂದ. 'ನಿನಗೆ ವರದಕ್ಷಿಣೆ ವಾಪಸ್ ಬಂತು ನೋಡು' ಅಂದಿದ್ದ.

ಆ ಕಂಪ್ಯೂಟರು ಒಂದು ದಿನ ಹೊಗೆ ಬಿಟ್ಟು ಸತ್ತಿತು. ಅದರ ಡಿಸ್ಕು ಮಾತ್ರ ಬದುಕಿತ್ತು. ಆದರೆ ಕಡತಗಳನ್ನು ಹೊಸ ಲ್ಯಾಪ್‌ಟಾಪಿನಲ್ಲಿ ತೆರೆದರೆ ನಮ್ಮ ಅಕ್ಷರವೇ ಇಲ್ಲ. ಇಂಗ್ಲಿಷ್ ಅಕ್ಷರಗಳು, ಒಂದರ ತಲೆಗೆ ಕೊಂಬು, ಇನ್ನೊಂದಕ್ಕೆ ಟೋಪಿ, ಮತ್ತೊಂದಕ್ಕೆ ಕಾಲ ಕೆಳಗೆ ಬಾಲ, ಹುಚ್ಚುಹಿಡಿದವರ ಮೆರವಣಿಗೆಯ ಹಾಗೆ. ಆಗಿನ ಅಕ್ಷರಗಳು ಆಗಿನ ತಂತ್ರಾಂಶದಲ್ಲಿ ಮಾತ್ರ ಅಕ್ಷರ, ಉಳಿದ ಕಡೆ ಕಸ. ಗಂಡ ಎಲ್ಲಿಂದಲೋ ಒಂದು ಪರಿವರ್ತಕ ತಂದು ನೋಡಿದ. ಅದು ಅರ್ಧಂಬರ್ಧ ತಿರುಗಿಸಿತು. ಅರ್ಕಾವತ್ತುಗಳು ಯಾವ ಯಾವುದೋ ಅಕ್ಷರದ ಹೆಗಲೇರಿ ಕೂತವು. 'ಇದನ್ನ ಪ್ರೂಫಕ್ಕನಿಗೆ ತೋರಿಸಿದ್ರೆ ನನ್ನ ಕೊಂದೇಬಿಡ್ತಾರೆ' ಅಂದಿದ್ದಳು ಅವಳು. ಅವನು ಕೆಲವು ದಿನ ಏನೇನೋ ಓದಿ, ಕನ್ನಡಕ ಹಣೆಗೇರಿಸಿಕೊಂಡು ತನ್ನಷ್ಟಕ್ಕೇ ಗೊಣಗಿಕೊಂಡು, ಕೊನೆಗೆ ಅವಳನ್ನು ಕರೆದು ಕೂರಿಸಿದ. ಅವನ ಡಬ್ಬದ ಒಳಗೆ, ಅವಳ ಕಂಪ್ಯೂಟರು ಓಡುತ್ತಿತ್ತು.

ಡಬ್ಬ ಎಂದರೆ ನಿವೃತ್ತಿಯ ನಂತರ ಅವನು ತಂದು ಪುಸ್ತಕದ ಕಪಾಟಿನ ಮೇಲಿಟ್ಟ ಕರಿಯ ಪೆಟ್ಟಿಗೆ, ಪರದೆಯಿಲ್ಲದ ಒಂದು ಕಂಪ್ಯೂಟರು. ಒಳಗೆ ಎರಡು ಡಿಸ್ಕು, ಅಂಗೈಯಗಲದ ಫ್ಯಾನು, ಲಿನಕ್ಸ್ ಎಂಬ ತಂತ್ರಾಂಶ. ಮನೆಯ ಫೋಟೊಗಳೆಲ್ಲ ಅದರಲ್ಲಿ, ಅವನ ಕ್ಯಾಸೆಟ್ಟಿನ ಹಾಡುಗಳೆಲ್ಲ ಅದರಲ್ಲಿ. ಜೀವಮಾನವಿಡೀ ಕರೆಂಟಿನ ಮೀಟರು ರಿಪೇರಿ ಮಾಡಿದವನಿಗೆ ಸದಾ ಮಿನುಗುವ ದೀಪವೊಂದು ಮನೆಯಲ್ಲಿರಬೇಕು. ಅದಕ್ಕೆ ವರ್ಚುವಲ್ ಮಷೀನ್ ಓಡಿಸುವ ತಂತ್ರಾಂಶ ಹಾಕಿ, ಸತ್ತ ಕಂಪ್ಯೂಟರಿನ ಡಿಸ್ಕನ್ನು ಹಾಗೆಹಾಗೇ ನಕಲಿಳಿಸಿದ್ದ. 'ಮಷೀನಿಲ್ಲ. ಆದ್ರೆ ಮಷೀನಿದೆ ಅಂತ ಅದಕ್ಕೆ ನಂಬಿಸಿದೀವಿ,' ಎಂದು ವಿವರಿಸಿದ. 'ಮೆಮೊರಿ ಇದೆ ಅಂತೀವಿ, ನಂಬುತ್ತೆ. ಪರದೆ ಇದೆ ಅಂತೀವಿ, ನಂಬುತ್ತೆ. ಅದು ಗೆಸ್ಟು, ಡಬ್ಬ ಹೋಸ್ಟು.'

'ಅದಕ್ಕೆ ಗೊತ್ತಾಗಲ್ವಾ?'

'ಏನು?'

'ಬೇರೆಯವರ ಮನೇಲಿದೀನಿ ಅಂತ.'

'ಗೊತ್ತಾಗದ ಹಾಗೆ ನೋಡ್ಕೊಳ್ಳೋದೇ ಹೋಸ್ಟ್ ಕೆಲಸ.'

ಮದುವೆಯಾಗಿ ಈ ಮನೆಗೆ ಬಂದ ಹೊಸದರಲ್ಲಿ ಅಡುಗೆಮನೆಯ ಕೆಳಗಿನ ಒಂದು ಅಡ್ಡಹಲಗೆಯನ್ನು ಅವಳಿಗೆಂದು ಬಿಟ್ಟುಕೊಟ್ಟಿದ್ದರು. ಎಣ್ಣೆಯ ಡಬ್ಬಿ ಮುಟ್ಟುವ ಮುಂಚೆ 'ತಗೊಳ್ಲಾ ಅತ್ತೆ?' ಎಂದು ಕೇಳಬೇಕು, 'ಅದಕ್ಕೂ ಕೇಳ್ಬೇಕಾ?' ಎನ್ನುವರು, ಕೇಳದ ದಿನ ಮುಚ್ಚಳ ತೆರೆದು ಮಟ್ಟ ನೋಡುವರು. ಅತ್ತೆ ಕೆಟ್ಟವರಲ್ಲ, ಜ್ವರ ಬಂದಾಗ ಮೂರು ಹೊತ್ತು ಹಣೆಗೆ ಬಟ್ಟೆ ಹಾಕಿದವರು. ಗೊತ್ತಾಗದ ಹಾಗೆ ನೋಡಿಕೊಳ್ಳಲು ಬರುತ್ತಿರಲಿಲ್ಲ, ಅಷ್ಟೇ. ಲ್ಯಾಪ್‌ಟಾಪಿನ ಪರದೆಯೊಳಗೆ ಇನ್ನೊಂದು ಪರದೆ ಬೆಳಗಿತು. ಪ್ರೆಸ್ಸಿನ ಯಜಮಾನರು ಹಾಕಿಸಿದ್ದ ಜಲಪಾತದ ಚಿತ್ರ, ಎಡಗಡೆ ಸಾಲಾಗಿ 'ಮದುವೆ', 'ಬಿಲ್ ಬುಕ್', 'ಅಕ್ಕ' ಅನ್ನುವ ಹಳದಿ ಚೀಲಗಳು. ಮೊಟ್ಟಮೊದಲು ಅದು ಪ್ರೆಸ್ಸಿನ ಪ್ರಿಂಟರನ್ನು ಹುಡುಕಿತು. ಸಿಗಲಿಲ್ಲವೆಂದು ಒಂದು ಚೌಕ ತೋರಿಸಿತು. ಇವತ್ತಿಗೂ ಪ್ರತಿಸಲ ಎದ್ದಕೂಡಲೇ ಹುಡುಕುತ್ತದೆ, ಪ್ರತಿಸಲ ಸಿಗಲಿಲ್ಲ ಅನ್ನುತ್ತದೆ. ಅವಳು 'ಸರಿ' ಒತ್ತುತ್ತಾಳೆ, ಮಗುವಿಗೆ ನಾಳೆ ತರೋಣ ಅಂದಹಾಗೆ. ಆಮೇಲೆ ಬೆರಳುಗಳನ್ನು ಕೀಲಿಗಳ ಮೇಲಿಟ್ಟಾಗ ಅವಕ್ಕೆ ಎಲ್ಲ ಗೊತ್ತಿತ್ತು. ಹೊಸ ಫೋನಿನಲ್ಲಿ ಒಂದು ಸಾಲು ಬರೆಯಲು ತಡಕಾಡುವ ಬೆರಳುಗಳು ಅಲ್ಲಿ ಕತ್ತಲಲ್ಲೂ ನಡೆದಾಡುವ ಹಾಗೆ ನಡೆದವು. ಬಾಗಿಲಲ್ಲಿ ನಿಂತು ನೋಡಿದ ಗಂಡ 'ಓಹೋ, ತವರಿಗೆ ಬಂದಹಾಗಾಯ್ತು' ಎಂದ. ಅವತ್ತಿನಿಂದ ಅದಕ್ಕೆ ಅದೇ ಹೆಸರು. 'ಏನಮ್ಮಾ, ಸಾರಿಗೆ ಉಪ್ಪು ಹಾಕದೆ ತವರಿಗೆ ಹೊರಟೆಯಾ?' 'ತವರಿಂದ ಯಾವಾಗ ವಾಪಸ್ಸು?' ಅವಳಿಗೆ ನಿಜವಾದ ತವರು ಅಂತ ಉಳಿದಿರಲಿಲ್ಲ. ಆ ಮನೆ ಒಡೆದು ಅಲ್ಲಿ ಮೂರಂತಸ್ತಿನ ಕಟ್ಟಡ ಎದ್ದಿದೆ, ಕೆಳಗಡೆ ಔಷಧಿ ಅಂಗಡಿ. ಅದನ್ನು ಅವನು ಮರೆತು ಹಾಸ್ಯ ಮಾಡುತ್ತಾನೋ, ನೆನಪಿಟ್ಟುಕೊಂಡು ಮಾಡುತ್ತಾನೋ, ಅವಳು ಕೇಳಿರಲಿಲ್ಲ.

ಕೆಲವು ವಾರದ ಹಿಂದೆ ಅವಳು ಫೋನು ಮಾಡಿ 'ಅಕ್ಕಾ, ನಿಮ್ಮ ಪುಸ್ತಕ ಸಿಕ್ತು' ಅಂದಾಗ ಅವರು ಮೊದಲು 'ಗಾಳಿ ಕತೆ ಇದೆಯಾ?' ಎಂದು ಕೇಳಿದರು. ಇರಲಿಲ್ಲ. ಟೈಪಾಗದೆ ಉಳಿದದ್ದು ಅದೇ. 'ಹಾಗಾದ್ರೆ ಹೊಡಿ, ನನ್ನ ತಲೆಯಿಂದ ಅದೂ ಹೋಗೋಕ್ಮುಂಚೆ' ಅಂದರು. ಹೀಗೆ ದಿನಾ ಮಧ್ಯಾಹ್ನ ಫೋನನ್ನು ಲೋಟಕ್ಕೆ ಒರಗಿಸಿಟ್ಟು ಅವಳು ತವರಿಗೆ ಹೋಗಿ ಕೂರುತ್ತಿದ್ದಳು. ಅವರು ನಿಧಾನವಾಗಿ ಹೇಳುವರು, ಒಂದು ದಿನ ನಾಲ್ಕು ಸಾಲು, ಒಂದು ದಿನ ಅದೂ ಇಲ್ಲ. ಹೆಸರುಗಳು ಅವರಿಂದ ಜಾರುತ್ತಿದ್ದವು. ನಿನ್ನೆ ಏನು ಹೇಳಿದ್ದೆ ಎಂಬುದು ಜಾರುತ್ತಿತ್ತು. 'ಓದು, ಎಲ್ಲಿಗೆ ನಿಲ್ಲಿಸಿದ್ದೆ?' ಎನ್ನುವರು. ಆದರೆ ಒಂದೇ ಒಂದು ದಿನವೂ ಅಲ್ಪವಿರಾಮ ತಪ್ಪಲಿಲ್ಲ. ಒಮ್ಮೆ ಅವರ ಮಗಳು ಫೋನು ಕಸಿದುಕೊಂಡು 'ಆಂಟಿ, ಅಮ್ಮ ಮಾತಾಡೋದು ಅರ್ಥ ಆಗ್ತಿದೆಯಾ ನಿಮಗೆ? ಬರೀ ಉದ್ಧರಣ ಚಿಹ್ನೆ, ಉದ್ಧರಣ ಚಿಹ್ನೆ ಅಂತಾರೆ!' ಎಂದು ಗಾಬರಿಯಿಂದ ಕೇಳಿದಳು. ಕತೆ ಮೊನ್ನೆ ಮುಗಿದಿತ್ತು. ಮುಗಿದ ಮರುದಿನ ಪ್ರೂಫಕ್ಕ ಫೋನು ಮಾಡಿ, ಇವತ್ತಿಂದ ಗಾಳಿಯ ಕತೆ ಶುರು ಮಾಡೋಣ ಎಂದರು.

ಇವತ್ತು ಬೆಳಿಗ್ಗೆ, ಎಲ್ಲ ಸರಿಯಿದೆಯಾ ನೋಡಿಬಿಡೋಣ ಎಂದು ಅವಳು ಕೂತಳು. ಮೊದಲ ಕತೆ ತೆರೆದಳು, ಎರಡನೆಯದು ತೆರೆದಳು, ಅಷ್ಟರಲ್ಲಿ ಬಾಣದ ಗುರುತು ನಿಂತಿತು. ಒತ್ತಿದ್ದು ಕೇಳಿಸದವರ ಹಾಗೆ ಪರದೆ ಸುಮ್ಮನಿತ್ತು. ಮೇಲೆ ಕಪಾಟಿನಲ್ಲಿ ಡಬ್ಬದ ಫ್ಯಾನು ಜೋರಾಗಿ ಅರಚಿಕೊಳ್ಳುತ್ತಿತ್ತು. ಪ್ರೂಫಕ್ಕ ಎದುರು ಕುರ್ಚಿಯಲ್ಲಿ ಕೂತಿರುವಾಗ ಹೀಗಾದರೆ ಎಂಬ ಯೋಚನೆ ಬಂತು. ಗಂಡ ಒಂದು ಸಲ ತೋರಿಸಿಕೊಟ್ಟಿದ್ದ, ಏನೇ ಕೆಟ್ಟರೂ ಇಲ್ಲಿ ಸ್ನ್ಯಾಪ್‌ಶಾಟ್ ಅಂತ ಇದೆ, 'ಹಿಂದಕ್ಕೆ' ಒತ್ತು, ನಾನು ಸರಿಮಾಡಿಕೊಟ್ಟ ದಿನ ಹೇಗಿತ್ತೋ ಹಾಗಾಗುತ್ತೆ. ಅವಳು ಒತ್ತಿದಳು. ಖಚಿತವಾ ಎಂದು ಕೇಳಿತು. ಖಚಿತ ಎಂದಳು. ಸ್ವಲ್ಪ ಹೊತ್ತಿಗೆ ಜಲಪಾತ ಬಂತು, ಪ್ರಿಂಟರು ಹುಡುಕಿತು, 'ಸರಿ' ಒತ್ತಿದಳು. ಬಾಣ ಹಕ್ಕಿಯ ಹಾಗೆ ಓಡಾಡಿತು. ಎಷ್ಟು ಸಲೀಸು ಅಂತ ಖುಷಿಯಾಗಿ 'ಅಕ್ಕ' ಎಂಬ ಚೀಲ ತೆರೆದಳು. ಗಾಳಿ ಕತೆ ಇರಲಿಲ್ಲ. ಮುಚ್ಚಿ ಮತ್ತೆ ತೆರೆದಳು. ಬೇರೆ ಚೀಲಗಳಲ್ಲಿ ನೋಡಿದಳು, ಮದುವೆಗಳ ನಡುವೆ, ಬಿಲ್ಲುಗಳ ನಡುವೆ. ಮನೆಯಲ್ಲಿ ಏನಾದರೂ ಕಳೆದುಹೋದಾಗ ಇರಲು ಸಾಧ್ಯವೇ ಇಲ್ಲದ ಕಡೆಯಲ್ಲೂ, ಅಕ್ಕಿ ಡಬ್ಬಿಯಲ್ಲೂ ಕೈಹಾಕಿ ನೋಡುತ್ತೇವಲ್ಲ, ಹಾಗೆ.

'ರೀ,' ಎಂದು ಕರೆದಳು. ದನಿ ಸಹಜವಾಗಿಯೇ ಬಂತು. ಅವನು ಟವೆಲಿನಲ್ಲಿ ಕೈ ಒರೆಸಿಕೊಳ್ಳುತ್ತ ಬಂದ. ಎಲ್ಲ ಕೇಳಿ, ಬಗ್ಗಿ ನೋಡಿ, ಎರಡು ಮೂರು ಕಡೆ ಒತ್ತಿ, ನೆಟ್ಟಗೆ ನಿಂತ.

'ಫೋಟೊಗಳಲ್ಲಿರೋ ಮುಖ ಗುರುತು ಹಿಡಿಯೋದಕ್ಕೆ ಹಾಕಿದ್ದೆ ಡಬ್ಬಕ್ಕೆ. ಇರೋ ಮೆಮೊರಿ ಎಲ್ಲ ಅದೇ ತಿಂದಿರ್ಬೇಕು. ಅದಕ್ಕೇ ನಿಂದು ನಿಂತಿದ್ದು. ಒಂದು ಹತ್ತು ನಿಮಿಷ ಕಾಯ್ದಿದ್ರೆ ತಾನೇ ಸರಿಹೋಗ್ತಿತ್ತು.'

'ನೀವೇ ಹೇಳಿದ್ರಿ ಹಿಂದಕ್ಕೆ ಒತ್ತು ಅಂತ.'

'ಹಿಂದಕ್ಕೆ ಹೋದ್ರೆ ಆಮೇಲೆ ಮಾಡಿದ್ದೆಲ್ಲ ಹೋಗುತ್ತೆ ಅಂತ ಗೊತ್ತಿರಲ್ವಾ?'

'ಹಿಂದಕ್ಕೆ ಹೋಗುತ್ತೆ ಅಂದ್ರಿ. ಏನು ಬಿಟ್ಟು ಹೋಗುತ್ತೆ ಅಂತ ಹೇಳ್ಲಿಲ್ಲ.'

ಅವನು ತಲೆ ಕೆರೆದುಕೊಂಡ. 'ಹೊರಗೆ ಒಂದು ಕಾಪಿ ಇಟ್ಕೊಂಡಿರ್ಲಿಲ್ವಾ?' ಎಂದ. ಇಲ್ಲ ಎಂದು ತಲೆಯಾಡಿಸಿದಳು. ಹೊರಗೆ ತಂದರೆ ಅದು ಮತ್ತೆ ಆ ಕೊಂಬು ಬಾಲಗಳ ಮೆರವಣಿಗೆ ತಾನೇ, ಯಾಕೆ ತರಬೇಕು ಎಂದುಕೊಂಡಿದ್ದಳು. ಅವನು ಪೆಚ್ಚಾಗಿ, ಏನಾದರೂ ಮಾಡಬೇಕಲ್ಲ ಎಂಬಂತೆ, ಹೋಗಿ ಮುಖ ಗುರುತಿಸುವ ಕೆಲಸ ನಿಲ್ಲಿಸಿದ. ಫ್ಯಾನು ಮೆತ್ತಗಾಯಿತು. 'ಅವರಿಗೆ ಹೇಳ್ಬಿಡು. ಇನ್ನೊಂದ್ಸಲ ಹೇಳ್ತಾರೆ, ಹೊಡ್ಕೊಂಡ್ರಾಯ್ತು' ಎಂದ. ಅವಳು ಅವನ ಮುಖ ನೋಡಿದಳು. ಇನ್ನೊಂದು ಸಲ ಎಂಬುದು ಅಲ್ಲಿ ಇಲ್ಲ ಎಂದು ಅವನಿಗೆ ಹೇಗೆ ಹೇಳುವುದು. ಎದ್ದು ಅಡುಗೆಮನೆಗೆ ಹೋಗಿ, ತೊಳೆದಿಟ್ಟ ಲೋಟಗಳನ್ನೇ ಮತ್ತೆ ತೊಳೆದಳು. ಕೋಪ ಬರಲಿ ಎಂದು ಕಾದಳು, ಬರಲಿಲ್ಲ. ಬಂದದ್ದು ನಾಚಿಕೆ. ಇಷ್ಟು ವಯಸ್ಸಾದ ಮೇಲೂ ಯಾರೋ ಒತ್ತು ಅಂದದ್ದನ್ನು ಒತ್ತಿಬಿಡುವ ತನ್ನ ಕೈಯ ಬಗ್ಗೆ ನಾಚಿಕೆ. ಕತೆ ಅವಳಿಗೆ ಗೊತ್ತಿತ್ತು, ಅದಲ್ಲ. ಬೆರಳಿಂದ ಹೊಡೆದದ್ದು ಅಷ್ಟು ಬೇಗ ಮರೆಯುವುದಿಲ್ಲ. ಆದರೆ ಅವಳಿಗೆ ಗೊತ್ತಿರುವುದು ಬೇರೆ, ಅವರು ಹೇಳಿದ್ದು ಹಾಗೆಯೇ ಉಳಿದಿರುವುದು ಬೇರೆ. ಯಾವ ಪದದ ಮುಂದೆ ಅವರು ತಡೆದಿದ್ದರು, ಎಲ್ಲಿ 'ಬೇಡ, ಅಳಿಸು' ಎಂದಿದ್ದರು, ಆ ನಿಲುಗಡೆಗಳೆಲ್ಲ ಸೇರಿ ಅದು ಅವರದಾಗಿತ್ತು.

ಕಾರು ಬಂದು ನಿಂತಾಗ ಅವಳು ಸೀರೆ ಬದಲಾಯಿಸಿರಲಿಲ್ಲ. ಮಗಳು ಕೈಹಿಡಿದು ಇಳಿಸಿದಳು. ಪ್ರೂಫಕ್ಕ ಇಷ್ಟು ಚಿಕ್ಕವರಾಗಿದ್ದರೇ ಅನ್ನಿಸಿತು. ಕನ್ನಡಕದ ಗಾಜು ದಪ್ಪವಾಗಿ ಕಣ್ಣು ಮಾತ್ರ ದೊಡ್ಡದಾಗಿ ಕಾಣುತ್ತಿತ್ತು. 'ಅಕ್ಷರ ಎಲ್ಲ ಇರುವೆ ಥರ ಓಡುತ್ತೆ ಕಣೇ, ಓದಕ್ಕಾಗಲ್ಲ' ಎಂದರು ಹೊಸ್ತಿಲಲ್ಲೇ, ಅವಳ ಕೆನ್ನೆ ಮುಟ್ಟಿ. ಹೆಸರು ಹೇಳಿ ಕರೆಯಲಿಲ್ಲ. ಮಗಳು ಅವಳನ್ನು ಪಕ್ಕಕ್ಕೆ ಕರೆದು, 'ಆಂಟಿ, ಅಂಗಡಿ ಕೆಲಸ ಮುಗಿಸಿ ಬಂದ್ಬಿಡ್ತೀನಿ. ನಿನ್ನೆ ನನ್ನನ್ನೇ ಯಾರಮ್ಮ ನೀನು ಅಂದ್ರು. ಏನಾದ್ರೂ ಹಾಗೆ ಅಂದ್ರೆ ಬೇಜಾರು ಮಾಡ್ಕೋಬೇಡಿ' ಎಂದು ಪಿಸುಗುಟ್ಟಿ ಹೋದಳು. ಗಂಡ ನಮಸ್ಕಾರ ಹೇಳಿ ಟೀ ಮಾಡಲು ತಾನೇ ಒಳಗೆ ಹೋದ. ಬೆಳಗಿನ ತಪ್ಪಿಗೆ ಅವನು ತೆರುವ ದಂಡ ಅದು.

ಪ್ರೂಫಕ್ಕ ಚಪ್ಪಲಿಯನ್ನು ಕೋಣೆಯ ಹೊರಗೆ ಬಿಟ್ಟರು. ಹಾಗೆ ಬಿಡಬೇಕಾಗಿಲ್ಲ ಎಂದು ಹೇಳಲು ಹೋದವಳು ತಾನೂ ಮನೆಯೊಳಗೆ ಹಾಕುವ ಚಪ್ಪಲಿಯನ್ನು ಪಕ್ಕದಲ್ಲಿ ಕಳಚಿದಳು. ಪ್ರೂಫಕ್ಕ ಕುರ್ಚಿಯಲ್ಲಿ ಕೂತು, ಕನ್ನಡಕ ತೆಗೆದು ಮಡಿಲಲ್ಲಿಟ್ಟು, ಕಣ್ಣು ಮುಚ್ಚಿ, 'ಹೂಂ' ಎಂದರು. ಇವಳು ಓದಿದಳು. ಬಾಗಿಲಿಲ್ಲದ ಮನೆಯ ಕತೆ, ಗುಂಡಿ ಕಳೆದುಕೊಂಡ ದರ್ಜಿಯ ಕತೆ. ಪ್ರತಿ ಚಿಹ್ನೆಯನ್ನೂ ಬಾಯಲ್ಲಿ ಹೇಳಿ, ಹಿಂದೆ ಅವರು ಓದುತ್ತಿದ್ದ ಹಾಗೆಯೇ. ಆಗ ದನಿ ಅವರದು, ಬೆರಳು ಇವಳದು. ಈಗ ದನಿಯೂ ಇವಳದು, ಅವರ ಪಾಲಿಗೆ ಉಳಿದದ್ದು ಕಿವಿ. ನಡುವೆ ಒಂದು ಕಡೆ ಪ್ರೂಫಕ್ಕ 'ಭಾಷೆ ಅಂದ್ಯಲ್ಲ, ಹೊಟ್ಟೆ ಸೀಳಿದೆ ತಾನೇ?' ಎಂದರು ಕಣ್ಣು ಬಿಡದೆ. 'ಸೀಳಿದೆ ಅಕ್ಕ' ಎಂದಳು. 'ಕಲ್ಲು ಮನಸ್ಸಾಯ್ತು ನಿನಗೆ' ಎಂದು ನಕ್ಕರು. ಆ ನಗುವಿನಲ್ಲಿ ಅವರು ಪೂರ್ತಿ ಅವರೇ ಆಗಿದ್ದರು. ಒಂದು ಕ್ಷಣ ಶಾಯಿಯ ವಾಸನೆ ನಿಜವಾಗಿ ಬಂತು, ಅಥವಾ ಅಡುಗೆಮನೆಯಲ್ಲಿ ಏನೋ ಸೀದಿತ್ತು. ಇದು ಹೀಗೇ ನಡೆದು ಮಗಳು ಬೇಗ ಬಂದುಬಿಡಲಿ, ಕೊನೆಯದಕ್ಕೆ ಹೊತ್ತು ಸಾಲದಿರಲಿ ಎಂದು ಅವಳು ಹಾರೈಸಿದಳು. ಟೀ ಬಂತು, ಆರಿತು. ಒಂದು ಕತೆ ಮುಗಿದು ಇನ್ನೊಂದು ಮುಗಿಯಿತು. 'ಇನ್ನು ಗಾಳೀದು,' ಎಂದರು ಪ್ರೂಫಕ್ಕ.

ಅವಳು ಖಾಲಿ ಪುಟವೊಂದನ್ನು ತೆರೆದಳು. ಯಾಕೆ ತೆರೆದಳೋ, ಅವರಿಗಂತೂ ಕಾಣುವುದಿಲ್ಲ. ಬಿಳಿಯ ಮೇಲೆ ಗೆರೆಯೊಂದು ಮಿಟುಕುತ್ತಿತ್ತು. ಈಗ ಹೇಳಿಬಿಡಬೇಕು ಎಂದುಕೊಂಡು ಬಾಯಿ ತೆರೆದರೆ ಬಂದದ್ದು, 'ಗಾಳಿ ಬಾಗಿಲು ತಟ್ಟಿತು ಪೂರ್ಣವಿರಾಮ' ಎಂಬ ಮೊದಲ ಸಾಲು. ಒಂದು ಬಂದ ಮೇಲೆ ಇನ್ನೊಂದು ಬರಬೇಕಾಯಿತು. ಗಾಳಿ ಮನೆಮನೆಯ ಬಾಗಿಲು ತಟ್ಟುತ್ತದೆ, ಜನ ತೆರೆದು ನೋಡುತ್ತಾರೆ, ಯಾರೂ ಕಾಣದೆ ಬೈದು ಮುಚ್ಚುತ್ತಾರೆ. ದರ್ಜಿ ಬೈದ, ಹಾಲಿನವಳು ಬೈದಳು, ಮೇಷ್ಟ್ರು ಕಿವಿ ಹಿಂಡಲು ಹೋಗಿ ಕಿವಿ ಸಿಗದೆ ಬೈದರು. ಕೊನೆಗೆ ಬೀದಿಯ ತುದಿಯ ಮುದುಕಿ ಮಾತ್ರ ಬಾಗಿಲು ತೆರೆದು, 'ಯಾರಾದ್ರೂ ಆಗಿರು, ಒಳಗೆ ಬಾ, ಕೂತ್ಕೋ' ಎನ್ನುತ್ತಾಳೆ. ಗಾಳಿಗೆ ಕೂತು ಅಭ್ಯಾಸವಿಲ್ಲ. ಕುರ್ಚಿಯ ಮೇಲೆ ಕೂತರೆ ಕುರ್ಚಿ ಅಲುಗುತ್ತದೆ, ಚಾಪೆಯ ಮೇಲೆ ಕೂತರೆ ಚಾಪೆ ಏಳುತ್ತದೆ. ಇಲ್ಲಿಯವರೆಗೆ ಎಲ್ಲವೂ ಪ್ರೂಫಕ್ಕನ ಮಾತೇ. ಹೇಳುತ್ತ ಹೇಳುತ್ತ ಅವಳ ಬೆರಳುಗಳು ಮಡಿಲಲ್ಲಿ ತಾವಾಗಿ ಆಡುತ್ತಿದ್ದವು, ಸೀರೆಯ ಮೇಲೆ ಅವೇ ಕೀಲಿಗಳನ್ನು ಒತ್ತುತ್ತ. ಇನ್ನು ಉಳಿದದ್ದು ಕೊನೆ. ಅದೂ ಗೊತ್ತಿತ್ತು. 'ಗಾಳಿ ಎದ್ದು ಹೋಯಿತು ಅಲ್ಪವಿರಾಮ ಹೋಗುವಾಗ ಬಾಗಿಲು ಹಾಕಿಕೊಂಡಿತು ಪೂರ್ಣವಿರಾಮ.' ಫೋನಿನಲ್ಲಿ ಅವರು ಅದನ್ನು ಹೇಳಿದಾಗ ಅವಳು ಯೋಚಿಸದೆ ಹೊಡೆದಿದ್ದಳು, ಮದುವೆ ಕಾಗದ ಹೊಡೆದ ಹಾಗೆ. ಈಗ ಎದುರಿಗೆ, ಮಡಿಲಲ್ಲಿ ಕನ್ನಡಕ ಇಟ್ಟುಕೊಂಡು, ಬರಿಗಾಲಿನ ಬೆರಳುಗಳನ್ನು ನೆಲಕ್ಕೆ ತಾಗಿಸಿಯೂ ತಾಗಿಸದೆ ಕೂತ ಈ ಹೆಂಗಸು ನಾಳೆ ಹೋಗಿಬಿಡುತ್ತಾರೆ. ಅವರ ಮುಖ ನೋಡಿಕೊಂಡು ಆ ಸಾಲನ್ನು ಹೇಳಲು ಅವಳಿಗೆ ಬಾಯಿ ಬರಲಿಲ್ಲ.

'ಮುದುಕಿ ಗಾಳಿಯ ಕೈಗೆ ಒಂದು ಪುಸ್ತಕ ಕೊಟ್ಟಳು,' ಎಂದಳು. ತನ್ನ ದನಿ ತನಗೇ ಹೊಸದಾಗಿ ಕೇಳಿಸಿತು. 'ಗಾಳಿ ಹಾಳೆ ತಿರುವಿತು ಪೂರ್ಣವಿರಾಮ. ಮುದುಕಿಗೆ ಓದಲು ಬರುತ್ತಿರಲಿಲ್ಲ ಅಲ್ಪವಿರಾಮ ಗಾಳಿಗೂ ಬರುತ್ತಿರಲಿಲ್ಲ ಪೂರ್ಣವಿರಾಮ. ಆದರೂ ಸಂಜೆಯವರೆಗೆ ಇಬ್ಬರೂ...' ಅಲ್ಲಿ ನಿಂತಳು. ಇಬ್ಬರೂ ಏನು ಮಾಡಿದರು ಎಂದು ಅವಳಿಗೆ ಗೊತ್ತಿರಲಿಲ್ಲ. ಜೀವಮಾನದಲ್ಲಿ ಎಂದೂ ತಾನಾಗಿ ಒಂದು ಸಾಲು ಮುಂದಕ್ಕೆ ಹೋದವಳಲ್ಲ. ಯಾರೋ ಹೇಳಿದ್ದನ್ನು ಹೊಡೆದವಳು. ಅಡುಗೆಮನೆಯಲ್ಲಿ ಗಂಡ ಲೋಟ ಇಡುವ ಸದ್ದೂ ನಿಂತುಹೋಗಿತ್ತು.

ಪ್ರೂಫಕ್ಕ ಕಣ್ಣು ಬಿಟ್ಟರು.

'ಇದು ನಾನು ಹೇಳಿದ್ದಲ್ಲ.'

ಅವಳು ಪರದೆಯ ಮೇಲೆ ಮಿಟುಕುವ ಗೆರೆಯನ್ನು ನೋಡಿದಳು.

'ನೀನು ಓದ್ತಾನೂ ಇಲ್ಲ. ಓದೋವಾಗ ಸಾಲು ಮುಗಿದಲ್ಲಿ ಉಸಿರು ತಗೋತೀಯ. ಈಗ ಎಲ್ಲೆಲ್ಲೋ ತಗೊಂಡೆ. ಏನಿದೆ ಅಲ್ಲಿ, ಪರದೆ ಮೇಲೆ?'

'ಏನೂ ಇಲ್ಲ ಅಕ್ಕ. ಬೆಳಿಗ್ಗೆ ಕಳೆದುಹಾಕ್ದೆ. ಗಾಳಿ ಕತೆ ಪೂರ್ತಿ ಹೋಯ್ತು.'

ಬಯ್ಯುತ್ತಾರೆ ಎಂದುಕೊಂಡಳು. ಬೈದರೆ ಎಷ್ಟೋ ಹಗುರವಾಗುತ್ತಿತ್ತು. ಅವರು ಕನ್ನಡಕವನ್ನು ಎತ್ತಿ, ಒಂದು ಕಡ್ಡಿ ಬಿಡಿಸಿ, ಮತ್ತೆ ಮಡಿಚಿದರು. ಹುಡುಕುತ್ತಿದ್ದಾರೆ ಅನ್ನಿಸಿತು, ಒಳಗೆಲ್ಲೋ, ಸಿಗುವುದಿಲ್ಲವೆಂದು ಗೊತ್ತಿದ್ದೂ.

'ನಾನು ಏನು ಹೇಳಿದ್ದೆ ಕೊನೇಲಿ?'

'ಗಾಳಿ ಎದ್ದು ಹೋಯ್ತು, ಬಾಗಿಲು ಹಾಕ್ಕೊಂಡಿತು ಅಂತ.'

'ಅಷ್ಟೇನಾ?'

'ಅಷ್ಟೇ.'

'ಥೂ,' ಎಂದರು ಪ್ರೂಫಕ್ಕ. 'ಯಾವ ಸಿಟ್ಟಲ್ಲಿದ್ನೋ ಅವತ್ತು. ನಿಂದೂ ಸರಿಯಿಲ್ಲ. ಕಟ್ಟಿ ಹಾಕಿದೀಯ ಅದನ್ನ. ಗಾಳಿ ಅಂದ್ಮೇಲೆ ಹೋಗ್ಲೇಬೇಕು, ಮಕ್ಕಳು ಕೂಡ ಒಪ್ಪಲ್ಲ. ಪುಸ್ತಕ ಒಳ್ಳೇದು. ಪುಸ್ತಕ ಇಟ್ಕೋ. ಇಬ್ಬರೂ ಏನು ಮಾಡಿದ್ರು?'

'ಗೊತ್ತಿಲ್ಲ ಅಕ್ಕ.'

'ಗೊತ್ತಿಲ್ಲ ಅಂದ್ರೆ? ಶುರು ಮಾಡಿದೋಳು ನೀನು.'

'ಚಿತ್ರ ನೋಡಿದ್ರು,' ಎಂದಳು ಅವಳು, ಪಾಠ ಬಾರದ ಹುಡುಗಿಯ ಹಾಗೆ.

'ಹೊಡಿ.'

ಅವಳು ಕೀಲಿಗಳ ಮೇಲೆ ಕೈಯಿಟ್ಟಳು. ಮೊದಲಿಂದ ಹೊಡೆಯತೊಡಗಿದಳು. ಗಾಳಿ ತಟ್ಟಿತು, ದರ್ಜಿ ಬೈದ, ಮೇಷ್ಟ್ರಿಗೆ ಕಿವಿ ಸಿಗಲಿಲ್ಲ. ಪ್ರೂಫಕ್ಕ ನೆನಪಿದ್ದಲ್ಲಿ ತಾವು ಹೇಳುವರು, ನಿಂತಲ್ಲಿ ಅವಳು ಹೇಳುವಳು, ಎಲ್ಲಿ ಯಾರದು ಮುಗಿದು ಯಾರದು ಶುರುವಾಯಿತು ಎಂಬುದು ತಿಳಿಯದ ಹಾಗಾಯಿತು. 'ಓದಲು ಬರುತ್ತಿರಲಿಲ್ಲ ಆದ್ಮೇಲೆ ಅಲ್ಪವಿರಾಮ ಯಾಕೆ ಹಾಕ್ತೀಯ? ಪೂರ್ಣವಿರಾಮ ಹಾಕು, ಓದೋರು ನಿಂತು ನಗಬೇಕು ಅಲ್ಲಿ.' ಹಾಕಿದಳು. ಗಂಡ ಮೆಲ್ಲಗೆ ಬಂದು ಬಾಗಿಲಲ್ಲಿ ನಿಂತು, 'ಈ ಸಲ ಹೊರಗೆ ಒಂದು ಕಾಪಿ...' ಎಂದು ಬಾಯಿ ತೆರೆದ. 'ಶ್!' ಎಂದರು ಇಬ್ಬರೂ ಒಟ್ಟಿಗೆ. ಅವನು ಬೈಸಿಕೊಂಡ ಗಾಳಿಯ ಹಾಗೆ ಹಿಂದೆ ಸರಿದ. ಹೊರಗೆ ಕಾರು ನಿಂತ ಸದ್ದಾಯಿತು, ಹಾರನ್ನು ಒಂದು ಸಲ, ಮತ್ತೊಂದು ಸಲ. 'ಯಾರದು?' ಎಂದರು ಪ್ರೂಫಕ್ಕ. 'ನಿಮ್ಮ ಮಗಳು.' 'ಪುಟ ಮುಗೀಲಿ ಅಂತ ಹೇಳು.' ಗಂಡ ಹೇಳಲು ಹೋದ.

ಹಾಳೆಗಳು ತಿರುಗಿದವು, ಚಿತ್ರಗಳು ಮುಗಿದವು, ಮುದುಕಿಯ ಮನೆಯಲ್ಲಿ ಸಂಜೆಯಾಯಿತು. 'ಗಾಳಿ ಎದ್ದಿತು,' ಎಂದರು ಪ್ರೂಫಕ್ಕ. ಹೊಡೆದಳು. 'ಹೋಯಿತು.' ಹೊಡೆದಳು. ಚಿಹ್ನೆ ಹೇಳುತ್ತಾರೆಂದು ಬೆರಳೆತ್ತಿ ಕಾದಳು. ಅವರು ಹೇಳಲಿಲ್ಲ. ಗೋಡೆಯ ಕಡೆ ನೋಡುತ್ತ ಕೂತಿದ್ದರು. ಈ ನಿಲುಗಡೆ ಮರೆವಿನದೋ ಯೋಚನೆಯದೋ ಎಂದು ಅವಳು ಅವರ ಮುಖ ನೋಡಿದಳು, ತಿಳಿಯಲಿಲ್ಲ. ತಾನೇ ಹೇಳಲೇ ಅನ್ನಿಸಿತು, ತಡೆದುಕೊಂಡಳು. ಎಷ್ಟು ಹೊತ್ತಾದರೂ ಆಗಲಿ ಎಂದು ಕಾದಳು.

'ಬಾಗಿಲು ಹಾಕಿತು ಅಂದಿದ್ನಾ ನಾನು?'

'ಹೂಂ.'

'ಹಾಕಲಿಲ್ಲ ಅಂತ ಹೊಡಿ.'

ಹಾಕಲಿಲ್ಲ ಎಂದು ಹೊಡೆದಳು. ಲ ಹೊಡೆದು ಅದರ ಕೆಳಗೆ ಇನ್ನೊಂದು ಲ ಕೂರಿಸುವಾಗ ಆ ಸಣ್ಣ ಒತ್ತಿಗಾಗಿ ಕಿರುಬೆರಳು ಉದ್ದಕ್ಕೆ ಚಾಚಬೇಕಾಗುತ್ತಿತ್ತು. ಚಾಚಿದಳು. ಕುರ್ಚಿಯ ತೋಳು ಹಿಡಿದು, ಮೊದಲು ಒಂದು ಕಾಲು, ಆಮೇಲೆ ಇನ್ನೊಂದು ಕಾಲು ಊರಿ, ಪ್ರೂಫಕ್ಕ ಏಳುತ್ತಿದ್ದರು.

'ಪೂರ್ಣವಿರಾಮ,' ಎಂದರು.